ಕಾಗುಣಿತ

ಐಚ್ಛಿಕ ಪತ್ರಿಕೆ, ಶನಿವಾರದ ಕೊನೆಯ ಪೀರಿಯಡ್ಡು.
ಹೆಸರು ಕೊಟ್ಟವರು ಹನ್ನೊಂದು, ಉಳಿದವರು ಮೂವರು:
ಶಾಂತಿಗ್ರಾಮದ ಜವರೇಶ, ಪೆನ್ಷನ್ ಮೊಹಲ್ಲಾದ ರುಖಿಯಾ,
ನಡುವೆ ಸದಾ ಆಕಳಿಸುವ ಫ್ಲೇವಿಯಾ.
ಹಾಸನದ ಇಳಿಬಿಸಿಲು ಸರಳು ದಾಟಿ ಬೋರ್ಡಿಗೆ ಬಿದ್ದರೆ
ನಾನು ಬರೆದದ್ದು ನನಗೇ ಕಾಣುವುದಿಲ್ಲ.

ಹೀಬ್ರೂ ನನಗೆ ಅಷ್ಟಕ್ಕಷ್ಟೆ, ಅರಬ್ಬಿ ಅದಕ್ಕೂ ಕಮ್ಮಿ.
ಆದರೂ ಹೇಳಿದೆ: ಎರಡೂ ದಾಯಾದಿಗಳು,
ಬಲದಿಂದ ಎಡಕ್ಕೆ ನಡೆಯುವವು.
ಹಳೆಯ ಬರಹದಲ್ಲಿ ವ್ಯಂಜನವಷ್ಟೇ ಬರೆದು
ಸ್ವರವನ್ನು ಓದುವವನ ಬಾಯಿಗೆ ಬಿಟ್ಟವು.
ಅಂದರೆ ಹೇಗೆ ಮಿಸ್?
ಅಂದರೆ, ನಮ್ಮ ತಲಕಟ್ಟು, ಗುಡಿಸು, ಕೊಂಬು, ಏತ್ವ
ಎಲ್ಲ ಒರೆಸಿಬಿಡು. ಹಕಾರ, ಲಕಾರ ಮಾತ್ರ ಇರಲಿ.
ಈಗ ಓದು.
ಹಾಲು, ಅಂದಳು ರುಖಿಯಾ.
ಹೊಲ, ಅಂದ ಜವರೇಶ.
ಹುಲಿ! ಫ್ಲೇವಿಯಾ ಮೊದಲ ಸಲ ನೆಟ್ಟಗೆ ಕೂತಳು.
ಯಾವುದು ಸರಿ?
ಹಿಂದಿನ ವಾಕ್ಯ ಯಾರ ಮನೆಯದು, ನೋಡಬೇಕು, ಅಂದೆ.

ಹಾಗೆ ಬಂದೆವು, ಅಣ್ಣಂದಿರು ಬಾವಿಗೆ ತಳ್ಳಿದ ಹುಡುಗನ ತನಕ.
ಎರಡೂ ಕಡೆ ಬಾವಿ ಅದೇ, ಹೊಟ್ಟೆಕಿಚ್ಚು ಅದೇ,
ಅಂಗಿಗೆ ಬಳಿದ ಸುಳ್ಳು ನೆತ್ತರೂ ಅದೇ.
ಆಮೇಲೆ ಬಟ್ಟೆ ಬೇರೆ ಬೇರೆ ದಾರಿ ಹಿಡಿಯುತ್ತದೆ:
ಒಂದರಲ್ಲಿ, ಒಡತಿಯ ಕೈಯಲ್ಲಿ ಉಳಿದು ಅವನ ವಿರುದ್ಧ ಸಾಕ್ಷಿ;
ಇನ್ನೊಂದರಲ್ಲಿ, ಬೆನ್ನ ಕಡೆ ಹರಿದು ಅವನ ಪರ.
ಬೋರ್ಡಿನ ಮೇಲೆ ಉದ್ದದೊಂದು ಪಾರಿಭಾಷಿಕ ಪದ ಬರೆದೆ.
ಅಳಿಸಿದೆ.

ಸೋಮವಾರ ರುಖಿಯಾ: ಅಬ್ಬಾ ಮಾತಾಡಬೇಕಂತೆ.
ಎದೆ ಧಸಕ್ಕೆಂದಿತು, ಸುಳ್ಳೇಕೆ.

ಗೌಸ್ ಪೀರ್ ಸಾಬರ ಅಂಗಡಿಯಲ್ಲಿ ಒಂದು ಮೆಷಿನ್ನು,
ಕೂರಲೊಂದು ಸ್ಟೂಲು, ಸೊಂಟದೆತ್ತರ ಸ್ಕೂಲ್ ಯೂನಿಫಾರ್ಮು.
ಕಥೆ ಅಂತ ಓದಿಸ್ತೀರಂತೆ, ಮೇಡಂ?
ಹೌದು, ಅಂದೆ.
ನಾವು ಕೈಕಾಲು ತೊಳೀದೆ ಮುಟ್ಟೋದಿಲ್ಲ.
ನನ್ನ ಬೆರಳ ತುಂಬ ಚಾಕ್‌ಪೀಸಿನ ಪುಡಿ.
ಅವರ ಬೆರಳಿಗೂ ಗುರುತು ಹಾಕುವ ಸುಣ್ಣ ಮೆತ್ತಿತ್ತು.
ಗಾಲಿಯನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದರು.

ದರ್ಜಿಯಾಗಿ ಒಂದು ಮಾತು ಹೇಳಲಾ?
ತೋಳ ಹುಡುಗನ್ನ ತಿಂತು, ಅಂಗಿ ಹರೀಲಿಲ್ಲ.
ಗುಂಡಿ ಬಿಚ್ಚಿ, ಮಡಿಚಿಟ್ಟು ತಿಂತಾ?
ಅಪ್ಪನಿಗೆ ಅಲ್ಲೇ ಗೊತ್ತಾಗಿರುತ್ತೆ.
ಮತ್ತೆ ಆ ಬೆನ್ನಿಂದು. ಓಡೋನ ಬಟ್ಟೆ
ಕತ್ತಿನಿಂದ ಕೆಳಕ್ಕೆ, ನೂಲಿನ ಗುಂಟ, ನೇರ ಸೀಳುತ್ತೆ.
ಮೈಮೇಲೆ ಬಿದ್ದೋನದು ಎದೆ ಹತ್ರ, ಅಡ್ಡಾದಿಡ್ಡಿ.
ನಲವತ್ತು ವರ್ಷ ರಿಪೇರಿ ಮಾಡಿದೀನಿ,
ಹರಿದ ಬಟ್ಟೆ ಸುಳ್ಳು ಹೇಳಲ್ಲ. ಇದನ್ನೂ ನೋಟ್ಸಲ್ಲಿ ಬರೆಸಿ.
ಕಥೆ ಅಂತ ಮಾತ್ರ... ಹೋಗ್ಲಿ,
ಬೇರೆ ಪದ ಸಿಕ್ಕಿದ ದಿನ ಹೇಳಿ ಕಳಿಸಿ.

ಇನ್ನೂ ಸಿಕ್ಕಿಲ್ಲ.

ಇಂಟರ್ನಲ್ಸಿಗೆ ಹತ್ತು ಅಂಕದ ಒಂದೇ ಪ್ರಶ್ನೆ:
ಅತ್ತು ಅತ್ತು ಕುರುಡಾದ ತಂದೆಯ ಮುಖಕ್ಕೆ ತಗುಲಿ
ಕಣ್ಣು ಮರಳಿಸಿದ ಕೊನೆಯ ಅಂಗಿ. ಅದರ ಔಚಿತ್ಯ ಚರ್ಚಿಸಿ.
ರುಖಿಯಾ ನಾಲ್ಕು ಪುಟ, ಅಡಿಟಿಪ್ಪಣಿ ಸಮೇತ.
ಫ್ಲೇವಿಯಾ: ನಮ್ಮ ಕಡೆ ಈ ಅಂಗಿ ಇಲ್ಲ ಮಿಸ್,
ಇರಬೇಕಿತ್ತು.
ಜವರೇಶನದು ಐದೇ ಸಾಲು.

ನಮ್ಮಣ್ಣ ನಾಲೆಗೆ ಈಜಲು ಇಳಿವಾಗ ದಡದಲ್ಲಿ ಬಿಚ್ಚಿಟ್ಟಿದ್ದ.
ಬೆಳಗ್ಗೆ ಯಾರೋ ತಂದು ಕೊಟ್ಟರು.
ರಕ್ತ ಇಲ್ಲ. ಹರಿದಿಲ್ಲ.
ಆರು ವರ್ಷ ಆಯಿತು.
ಅವ್ವ ಆ ಅಂಗ ಇನ್ನೂ ಒಗೆದಿಲ್ಲ.

ಗುಡಿಸು ಬಿಟ್ಟಿದ್ದಾನೆ.
ಕೆಂಪು ಪೆನ್ನು ಗಕಾರದ ನೆತ್ತಿಯ ತನಕ ಹೋಗಿ ನಿಂತಿತು.
ಹಿಂದಿನ ವಾಕ್ಯ ಓದಿದೆ, ಅದರ ಹಿಂದಿನದನ್ನೂ.
ಹಾಗೇ ಬಿಟ್ಟೆ.
ಒಂಬತ್ತು ಕೊಟ್ಟೆ.
ಔಚಿತ್ಯದ ಬಗ್ಗೆ ಏನೂ ಬರೆದಿರಲಿಲ್ಲ.